ಕಾಳಿ ಹೊಳೆಯಲ್ಲಿ ದೋಣಿಯಿಂದ ಗಾಳ: ಯಾವ ದಾರ, ಯಾವ ಗುಂಡು, ಯಾವ ಎರೆ?

ಘಟ್ಟದ ಮೇಲಿನವ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು. ಹಳ್ಳದ ಗುಂಡಿಗಳಲ್ಲಿ ಬಿದಿರು ಕೋಲು, ಎರೆಹುಳು ಹಿಡಿದುಕೊಂಡು ಬೆಳೆದವನು. ನಮ್ಮ ಭಾವ ಕಾರವಾರದ ಕಡವಾಡದಲ್ಲಿದ್ದಾರೆ. ಕಳೆದ ದೀಪಾವಳಿಯ ಹೊತ್ತಿಗೆ ಅವರು ಹದಿನಾಲ್ಕು ಅಡಿಯ ಫೈಬರ್ ದೋಣಿ ಕೊಂಡರು. ಅಲ್ಲಿಂದ ಮೂರು ಸಲ ಕಾಳಿ ಹೊಳೆಗೆ ಇಳಿದಿದ್ದೇವೆ. ಮೂರು ಸಲವೂ ಬರಿಗೈ.

ಮೊದಲ ಸಲ ಅಮಾವಾಸ್ಯೆಯ ಮರುದಿನ ಹೋಗಿದ್ದೆವು. ಸೆಳೆತ ಎಷ್ಟಿತ್ತೆಂದರೆ ಗಾಳ ತಳ ಮುಟ್ಟಲೇ ಇಲ್ಲ, ದಾರ ದೋಣಿಯ ಹಿಂದೆ ಗಾಳಿಪಟದ ಹಾಗೆ ಮೇಲೆ ತೇಲುತ್ತಿತ್ತು. ಎರಡನೆಯ ಸಲ ದೊಡ್ಡ ಗುಂಡು ಹಾಕಿದೆವು. ತಳ ಮುಟ್ಟಿತು, ಅಲ್ಲೇ ಸಿಕ್ಕಿಕೊಂಡಿತು. ಒಂದೇ ಬೆಳಿಗ್ಗೆ ಆರು ಗಾಳ ಹೋದವು. ಮೂರನೆಯ ಸಲ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ನಿಂತಿದ್ದಾಗ ಏನೋ ಒಂದು ಬಂದು ಎಳೆಯಿತು. ಕೋಲು ಬಗ್ಗಿ ತುದಿ ನೀರಿಗೆ ತಾಗಿತು. ನಾಲ್ಕು ಎಣಿಸುವಷ್ಟರಲ್ಲಿ ಹಗುರವಾಯಿತು. ದಾರವನ್ನು ಮೇಲೆ ಎಳೆದು ನೋಡಿದರೆ ತುದಿ ಒಮ್ಮೆಗೇ ಹರಿದಂತೆ ಇರಲಿಲ್ಲ. ಮೇಲಿನ ಒಂದು ಗೇಣು ದಾರ ಉಪ್ಪುಕಾಗದದಿಂದ ಉಜ್ಜಿದ ಹಾಗೆ ಬಿಳಿಚಿಕೊಂಡು ಒರಟಾಗಿತ್ತು. ಆ ದಾರವನ್ನು ಬೆರಳಲ್ಲಿ ಸವರುತ್ತ ರಾತ್ರಿಯೆಲ್ಲ ಕುಳಿತಿದ್ದೆ.

ನನ್ನ ಹತ್ತಿರ ಇರುವುದು: ಆರಡಿಯ ಕೋಲು, 3000 ಅಳತೆಯ ರೀಲು, 0.30 ಮಿಲಿಮೀಟರ್ ತಂಗೂಸಿ ದಾರ, ಒಂದು ಪೊಟ್ಟಣ 6ನೇ ನಂಬರಿನ ಗಾಳ. ದೊಡ್ಡ ಮೀನಿಗೆ ದೊಡ್ಡ ನಂಬರು ಎಂದುಕೊಂಡು ತಂದದ್ದು. ಎರೆಗೆ ಮಾರುಕಟ್ಟೆಯ ಸತ್ತ ಸಿಗಡಿ. ಏನನ್ನು ಬದಲಿಸಬೇಕು? ಎಂಟು ಸಾವಿರ ರೂಪಾಯಿ ಮೀರದಂತೆ ಹೇಳಿ.

ಸದಾಶಿವಗಡ77

ಮೊದಲು ಆ 6ನೇ ನಂಬರಿನ ಪೊಟ್ಟಣವನ್ನು ಪಕ್ಕಕ್ಕಿಡಿ. ಗಾಳದ ನಂಬರು ಉಲ್ಟಾ ಇರುತ್ತದೆ. 10ಕ್ಕಿಂತ 6 ದೊಡ್ಡದು, 6ಕ್ಕಿಂತ 2 ದೊಡ್ಡದು, 1 ಆದ ಮೇಲೆ 1/0, 2/0, 3/0 ಎಂದು ಮತ್ತೆ ದೊಡ್ಡದಾಗುತ್ತ ಹೋಗುತ್ತದೆ. ನೀವು ತಂದಿರುವುದು ನೋಗ್ಲಿಗೆ ಸರಿಯಾದ ಗಾಳ.

ಘಟ್ಟದ ಮೇಲಿನವ (ಶಿರಸಿ)

ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನೋಗ್ಲಿ ಎಂದರೆ ಕಾಣೆ ಮೀನೇ ಅಲ್ಲವೇ?

ಸದಾಶಿವಗಡ77

ಹೌದು, ಅದೇ. ಮಂಗಳೂರು ಕಡೆಯವರು ಕಾಣೆ ಎನ್ನುತ್ತಾರೆ, ನಾವು ನೋಗ್ಲಿ ಎನ್ನುತ್ತೇವೆ.

ಕೋಡಿಬಾಗದ ಕಾಳಿತೀರ

ನಿಮ್ಮ ದಾರ ಕಡಿದದ್ದು ಚೋಣಕ್, ಇಂಗ್ಲಿಷಿನಲ್ಲಿ ಸೀಬಾಸ್ ಎನ್ನುವ ಮೀನು. ಆ ಒರಟು ಗೇಣೇ ಸಾಕ್ಷಿ. ಚೋಣಕ್ಕಿಗೆ ನಾಯಿಯಂತೆ ಹಲ್ಲು ಇರುವುದಿಲ್ಲ. ಬಾಯಿಯ ಒಳಗೆ ಅರದಂತಹ ಸಣ್ಣ ಹಲ್ಲುಗಳ ಪಟ್ಟಿ ಇರುತ್ತದೆ, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರುತ್ತದೆ. ಅದು ತಲೆ ಕೊಡವಿದಷ್ಟೂ ದಾರ ಅದಕ್ಕೆ ಉಜ್ಜಿ ಸವೆಯುತ್ತದೆ. 0.30 ದಾರ ಎಷ್ಟು ಹೊತ್ತು ತಾಳಬೇಕು ಹೇಳಿ.

ನಾನು ಈ ಹೊಳೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ. ನನ್ನ ಮಾತು ಇಷ್ಟು: ಕೋಲಿಗೆ ಕಡಿಮೆ ಹಣ ಹಾಕಿ, ದಾರಕ್ಕೂ ಗಾಳಕ್ಕೂ ಹೆಚ್ಚು ಹಾಕಿ. ಏಳು ಅಡಿಯ, ಮಧ್ಯಮಕ್ಕಿಂತ ಸ್ವಲ್ಪ ಗಟ್ಟಿಯಾದ ಕೋಲು ಸಾಕು. ದೋಣಿಯಲ್ಲಿ ಒಂಬತ್ತು ಅಡಿಯ ಕೋಲು ತಂದವರು ಪಕ್ಕದವರ ಟೋಪಿ ಹಿಡಿದದ್ದೇ ಹೆಚ್ಚು. ರೀಲು ನಿಮ್ಮದೇ ಇರಲಿ, 3000 ಸಾಕು. ಅದಕ್ಕೆ 20ರಿಂದ 30 ಪೌಂಡು ಎಳೆತ ತಾಳುವ ಹೆಣೆದ ದಾರ (ಬ್ರೇಡ್) ಸುತ್ತಿಸಿ. ಹೆಣೆದ ದಾರ ತೆಳ್ಳಗಿರುತ್ತದೆ, ಸೆಳೆತಕ್ಕೆ ಸಿಗುವುದು ಕಡಿಮೆ. ಅದೇ ಗುಂಡು ಅರ್ಧ ತೂಕದಲ್ಲಿ ತಳ ಮುಟ್ಟುತ್ತದೆ. ಮೊದಲ ದಿನ ನಿಮ್ಮ ದಾರ ತೇಲಿದ್ದಕ್ಕೆ ಅರ್ಧ ಕಾರಣ ಆ ದಪ್ಪ ತಂಗೂಸಿಯೇ.

ಹೆಣೆದ ದಾರದ ತುದಿಗೆ ನಾಲ್ಕೈದು ಅಡಿ 40ರಿಂದ 60 ಪೌಂಡಿನ ಲೀಡರ್, ಎಂದರೆ ಗಾಳದ ಕಡೆಯ ದಪ್ಪ ತಂಗೂಸಿ ತುಂಡು, ಕಟ್ಟಲೇಬೇಕು. ಲೀಡರ್ ಇಲ್ಲದೆ ಕಾಂಡ್ಲಾದ ಅಂಚಿಗೆ ಹೋಗಬೇಡಿ. ಬೇರಿಗೂ ಕಲ್ಲಿಗೂ ಅಂಟಿಕೊಂಡಿರುವ ಸಿಂಪಿ ತಾಗಿದರೆ ಹೆಣೆದ ದಾರ ಹತ್ತಿಯ ನೂಲಿನಂತೆ ಹರಿಯುತ್ತದೆ.

ಗಾಳಗುಂಡು

ಕಾಳಿತೀರ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಣೆದ ದಾರವನ್ನು ಬರಿಯ ಸ್ಪೂಲಿಗೆ ನೇರವಾಗಿ ಸುತ್ತಬೇಡಿ, ಎಳೆದಾಗ ಇಡೀ ಸುತ್ತು ಜಾರಿ ತಿರುಗುತ್ತದೆ. ಕೆಳಗೆ ಹತ್ತು ಸುತ್ತು ತಂಗೂಸಿ ಸುತ್ತಿ, ಅದರ ಮೇಲೆ ಹೆಣೆದ ದಾರ ಸುತ್ತಿ. ನಿಮ್ಮ ಹಳೆಯ 0.30 ಅಲ್ಲಿ ಉಪಯೋಗಕ್ಕೆ ಬರುತ್ತದೆ.

ತದಡಿ ಹಿರಿಯ

ಇಷ್ಟೆಲ್ಲ ಯಾಕೆ ಬೇಕು? ನಮ್ಮ ಅಪ್ಪ ಪಾತಿ ದೋಣಿಯಲ್ಲಿ ಕುಳಿತು ಕೈದಾರದಲ್ಲೇ ಮೀನು ಹಿಡಿದು ಐದು ಮಕ್ಕಳನ್ನು ಸಾಕಿದರು. ಕೋಲೂ ಇರಲಿಲ್ಲ, ರೀಲೂ ಇರಲಿಲ್ಲ. ಒಂದು ಮರದ ತುಂಡಿಗೆ ಸುತ್ತಿದ ದಪ್ಪ ದಾರ, ತೋರುಬೆರಳ ಮೇಲೆ ಹಾದುಹೋಗುತ್ತಿತ್ತು. ಮೀನು ಮೂಸಿದ್ದೂ ಗೊತ್ತಾಗುತ್ತಿತ್ತು, ಕಚ್ಚಿದ್ದೂ ಗೊತ್ತಾಗುತ್ತಿತ್ತು, ಏಡಿ ಕಿತ್ತದ್ದೂ ಗೊತ್ತಾಗುತ್ತಿತ್ತು. ಮೂರೂ ಬೇರೆ ಬೇರೆ. ನಿಮ್ಮ ಎಂಟು ಸಾವಿರದ ಸಾಮಾನಿಗೆ ಏಡಿಗೂ ಚೋಣಕ್ಕಿಗೂ ವ್ಯತ್ಯಾಸ ತಿಳಿಯುತ್ತದೆಯೇ?

ಶಿರಸಿಯ ತಮ್ಮಾ, ಮೊದಲ ಆರು ತಿಂಗಳು ಕೈದಾರ ಹಿಡಿಯಿರಿ. ಹೊಳೆಯ ತಳ ಬೆರಳಿಗೆ ಪರಿಚಯವಾಗಲಿ.

ಗಾಳಗುಂಡು

ಹಿರಿಯರೇ, ಕೈದಾರದ ಮೇಲೆ ನನಗೆ ಗೌರವವಿದೆ. ಆದರೆ ಆರೇಳು ಕಿಲೋ ಚೋಣಕ್ ಒಮ್ಮೆಗೇ ಓಡಿದಾಗ ಅದೇ ತೋರುಬೆರಳು ಮೂಳೆಯವರೆಗೆ ಸೀಳಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮಾವನವರಿಗೆ ಇಂದಿಗೂ ಆ ಬೆರಳು ಪೂರ್ತಿ ಮಡಚುವುದಿಲ್ಲ. ಹೊಸಬರಿಗೆ ಕೈದಾರ ಕೊಡುವುದಿದ್ದರೆ ನೋಗ್ಲಿಗೆ ಮಾತ್ರ ಕೊಡಿ.

ತದಡಿ ಹಿರಿಯ

ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿಕೊಳ್ಳುವ ಕ್ರಮ ಇದೆ. ಹಾಕಿಕೊಳ್ಳದಿದ್ದರೆ ಅದು ದಾರದ ತಪ್ಪೇ? ಆದರೂ ನಿಮ್ಮ ಮಾತು ಒಪ್ಪಿದೆ, ಚೋಣಕ್ಕಿಗೆ ಹೊಸಬರು ಕೈದಾರ ಬೇಡ.

ಬಳಚಿನ ಬುಟ್ಟಿ (ಕುಮಟಾ)

ಎಲ್ಲರೂ ದಾರದ ಬಗ್ಗೆಯೇ ಮಾತಾಡುತ್ತಿದ್ದೀರಿ, ಎರೆಯ ಬಗ್ಗೆ ಯಾರೂ ಎತ್ತಲಿಲ್ಲ. ಮಾರುಕಟ್ಟೆಯ ಸತ್ತ ಸಿಗಡಿ ಹಾಕಿದರೆ ಮೀಸೆ ಮೀನೂ ಏಡಿಯೂ ಬಿಟ್ಟು ಮತ್ತೇನೂ ಬರುವುದಿಲ್ಲ. ಐಸ್ ಹಾಕಿ ಇಟ್ಟ ಸಿಗಡಿ ಮೆತ್ತಗಾಗಿರುತ್ತದೆ, ತಲೆ ಕಳಚಿಕೊಂಡು ಬೀಳುತ್ತದೆ. ಚೋಣಕ್ಕಿಗೆ ಜೀವಂತ ಎರೆಯೇ ಬೇಕು. ಒಂದೋ ಜೀವಂತ ಸಿಗಡಿ, ಇಲ್ಲವೇ ಬೆರಳುದ್ದದ ಜೀವಂತ ಶೇವಟೆ (ಮಲೆಟ್) ಮೀನು.

ನಮ್ಮ ಅಘನಾಶಿನಿಯಲ್ಲಿ ಗಜನಿಯ (ಉಪ್ಪುನೀರಿನ ಗದ್ದೆಯ) ತೂಬಿನ ಬಾಗಿಲ ಹತ್ತಿರ ಇಳಿತದ ಹೊತ್ತಿಗೆ ಹೋದರೆ ಸಣ್ಣ ಕೈಬಲೆಯಲ್ಲಿ ಅರ್ಧ ಗಂಟೆಗೆ ಒಂದು ದಿನಕ್ಕಾಗುವಷ್ಟು ಸಿಗಡಿ ಸಿಗುತ್ತದೆ. ಗಜನಿಯವರನ್ನು ಕೇಳಿಯೇ ಬಲೆ ಹಾಕಿ, ಅದು ಅವರ ಅನ್ನ. ಕಾಳಿಯಲ್ಲಿ ಹೇಗೋ ಅಲ್ಲಿಯವರು ಹೇಳಲಿ.

ಸಿಗಡಿಯನ್ನು ಗಾಳಕ್ಕೆ ಹಾಕುವಾಗ ತಲೆಯ ಕಪ್ಪು ಚುಕ್ಕೆ ನೋಡಿಕೊಳ್ಳಿ. ಬೆಳಕಿಗೆ ಹಿಡಿದರೆ ಕೊಂಬಿನ ಹಿಂದೆ, ಚಿಪ್ಪಿನೊಳಗೆ ಕಪ್ಪಾಗಿ ಕಾಣುತ್ತದೆ. ಗಾಳದ ಮೊನೆ ಅದಕ್ಕೆ ತಾಗಿದರೆ ಸಿಗಡಿ ಕೈಯಲ್ಲೇ ಸಾಯುತ್ತದೆ. ಕೊಂಬಿನ ಬುಡದಲ್ಲಿ, ಆ ಚುಕ್ಕೆಗಿಂತ ಮುಂದೆ, ಅಡ್ಡಲಾಗಿ ಚಿಪ್ಪನ್ನು ಮಾತ್ರ ಚುಚ್ಚಿ ಹೊರತೆಗೆಯಿರಿ. ಸರಿಯಾಗಿ ಚುಚ್ಚಿದರೆ ಸಿಗಡಿ ಅರ್ಧ ಗಂಟೆ ಕಾಲಾಡಿಸುತ್ತಲೇ ಇರುತ್ತದೆ. ಸೆಳೆತ ಜೋರಿದ್ದರೆ ಬಾಲದ ಕೊನೆಯ ಗೆಣ್ಣಿಗೆ ಹಾಕುವವರೂ ಇದ್ದಾರೆ, ನನಗೆ ಕೊಂಬೇ ಇಷ್ಟ.

ಕೋಡಿಬಾಗದ ಕಾಳಿತೀರ

ಅಕ್ಕಾ, ಕಪ್ಪು ಚುಕ್ಕೆಯ ಮಾತು ನೂರಕ್ಕೆ ನೂರು ಸರಿ. ಕಾಳಿಯಲ್ಲಿ ಸಿಗಡಿ ಬೇಕಿದ್ದರೆ ಬೆಳಗಿನ ಜಾವ ಬೀಸುಬಲೆಯವರನ್ನು ಮಾತಾಡಿಸಬೇಕು. ಹಿಂದಿನ ದಿನವೇ ಹೇಳಿಟ್ಟರೆ ಜೀವಂತವಾಗಿ ತೆಗೆದಿಡುತ್ತಾರೆ. ಬಕೆಟ್ ನೀವೇ ಕೊಡಬೇಕು.

ಘಟ್ಟದ ಮೇಲಿನವ (ಶಿರಸಿ)

ಬಕೆಟ್ಟಿನಲ್ಲಿ ಸಿಗಡಿ ಎಷ್ಟು ಹೊತ್ತು ಬದುಕುತ್ತದೆ? ಭಾವ ಒಮ್ಮೆ ತಂದಿದ್ದರು, ಹೊಳೆಗೆ ಮುಟ್ಟುವಷ್ಟರಲ್ಲಿ ಎಲ್ಲ ಕೆಂಪಗಾಗಿ ಸತ್ತಿದ್ದವು.

ಬಳಚಿನ ಬುಟ್ಟಿ (ಕುಮಟಾ)

ನಲ್ಲಿಯ ನೀರು ಹಾಕಿದ್ದರೇ? ಬಾವಿಯ ನೀರೂ ಬೇಡ, ನಲ್ಲಿಯ ನೀರೂ ಬೇಡ. ಸಿಗಡಿ ಹಿಡಿದ ಜಾಗದ ನೀರೇ ಬೇಕು. ಬಕೆಟ್ ಅರ್ಧ ತುಂಬಿಸಿ, ಬ್ಯಾಟರಿಯಲ್ಲಿ ಓಡುವ ಗಾಳಿಪಂಪು ಹಾಕಿ, ಬಕೆಟ್ಟಿನ ಸುತ್ತ ಒದ್ದೆ ಗೋಣಿತಾಟು ಸುತ್ತಿ ನೆರಳಲ್ಲಿಡಿ. ಸತ್ತದ್ದನ್ನು ಕೂಡಲೇ ತೆಗೆಯಿರಿ, ಒಂದು ಸತ್ತರೆ ನೀರು ಕೆಟ್ಟು ಉಳಿದವೂ ಸಾಯುತ್ತವೆ. ಗಂಟೆಗೊಮ್ಮೆ ಅರ್ಧ ನೀರು ಬದಲಿಸಿ.

ಸಿಗಡಿಪ್ರಿಯ

ಇಷ್ಟು ಒಳ್ಳೆಯ ಸಿಗಡಿಯನ್ನು ಗಾಳಕ್ಕೆ ಹಾಕುವ ಬದಲು ಕೊಬ್ಬರಿ ಎಣ್ಣೆಯಲ್ಲಿ ಹುರಿದು ತಿನ್ನುವುದೇ ಲೇಸು ಎಂದು ನಮ್ಮ ಅಮ್ಮ ಹೇಳುತ್ತಾರೆ. ನಾನೂ ಅವರ ಪಕ್ಷ.

ಮತ್ಸ್ಯ ವಿದ್ಯಾರ್ಥಿ

ಜೀವಂತ ಎರೆ ಸಿಗದ ದಿನಕ್ಕೆ ಎರಡು ದಾರಿಗಳಿವೆ. ಒಂದು, ಬೊಂಡಾಸ (ಸ್ಕ್ವಿಡ್). ಗಟ್ಟಿಯಾಗಿರುತ್ತದೆ, ಗಾಳದಿಂದ ಬೇಗ ಕಳಚುವುದಿಲ್ಲ. ಬೆರಳಗಲದ ಪಟ್ಟಿ ಕತ್ತರಿಸಿ ಒಂದು ತುದಿಯನ್ನು ಮಾತ್ರ ಚುಚ್ಚಿ, ಇನ್ನೊಂದು ತುದಿ ಸೆಳೆತದಲ್ಲಿ ಆಡುತ್ತಿರಲಿ. ಇನ್ನೊಂದು, ತಾರ್ಲೆ (ಬೂತಾಯಿ). ಎಣ್ಣೆಯ ವಾಸನೆ ನೀರಿನಲ್ಲಿ ದೂರ ಹರಡುತ್ತದೆ, ಆದರೆ ಮಾಂಸ ಮೆತ್ತಗೆ. ಹಿಂದಿನ ರಾತ್ರಿ ಕಲ್ಲುಪ್ಪು ಹಾಕಿಟ್ಟರೆ ನೀರು ಬಿಟ್ಟು ಗಟ್ಟಿಯಾಗುತ್ತದೆ. ಅಮೇಲೆ ಹೊಲಿಗೆ ದಾರದಿಂದ ಗಾಳಕ್ಕೆ ನಾಲ್ಕು ಸುತ್ತು ಬಿಗಿದುಬಿಡಿ.

ಸದಾಶಿವಗಡ77

ಬಳಚಿನ ಮಾಂಸಕ್ಕೂ ಅದೇ ಹೊಲಿಗೆ ದಾರದ ಉಪಾಯ. ನೋಗ್ಲಿಗೆ ಬಳಚು ಬಹಳ ಒಳ್ಳೆಯದು.

ಲೂರ್ ಮಾತ್ರ

ನಾನು ಎರೆ ಮುಟ್ಟುವುದೇ ಇಲ್ಲ, ಲೂರ್ ಎಂಬ ಕೃತಕ ಎರೆ ಮಾತ್ರ. ನಾಲ್ಕು ಅಂಗುಲದ ರಬ್ಬರ್ ಮೀನು, ಹದಿನೈದು ಗ್ರಾಂ ಜಿಗ್ ತಲೆ (ಗುಂಡು ಕೂಡಿದ ಗಾಳ), ಅಷ್ಟೇ ನನ್ನ ಸಂಸಾರ. ಕೈ ನಾರುವುದಿಲ್ಲ, ಬಕೆಟ್ ಬೇಡ, ಪಂಪು ಬೇಡ. ದಿನಕ್ಕೆ ಹತ್ತು ಜಾಗ ಸುತ್ತಬಹುದು. ಎರೆಯವರು ಒಂದೇ ಕಡೆ ಲಂಗರು ಹಾಕಿ ಕುಳಿತು ಸೆಳೆತದ ಜೊತೆ ಜಗಳವಾಡುತ್ತಾರೆ.

ಕೋಡಿಬಾಗದ ಕಾಳಿತೀರ

ನೀರು ತಿಳಿಯಾಗಿದ್ದರೆ ಲೂರ್ ಚೆನ್ನ, ನಾನೂ ಬಳಸುತ್ತೇನೆ. ಆದರೆ ದೊಡ್ಡ ಇಳಿತದ ದಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆಗ ಮೀನಿಗೆ ಕಣ್ಣಿಗಿಂತ ವಾಸನೆ, ಅಲುಗಾಟ ಮುಖ್ಯ. ಹೊಸಬರು ಮೊದಲು ಎರೆಯಿಂದ ಮೀನು ಎಲ್ಲಿ ನಿಲ್ಲುತ್ತದೆ ಎಂದು ಕಲಿಯಲಿ, ಆಮೇಲೆ ಲೂರ್ ಎಸೆಯಲಿ. ಮೀನಿಲ್ಲದ ಜಾಗಕ್ಕೆ ದುಬಾರಿ ಲೂರ್ ಎಸೆದು ಏನು ಪ್ರಯೋಜನ?

ಲೂರ್ ಮಾತ್ರ

ಮೀನಿಲ್ಲದ ಜಾಗದಲ್ಲಿ ಲಂಗರು ಹಾಕಿ ಮೂರು ಗಂಟೆ ಕುಳಿತರೂ ಅದೇ ಪ್ರಶ್ನೆ ಅಲ್ಲವೇ?

ಹೊನ್ನಾವರದ ಅಂಬಿಗ

ಇಬ್ಬರೂ ನಿಲ್ಲಿಸಿ. ಕೇಳಿದವರು ಸೆಳೆತದ ಬಗ್ಗೆ ಕೇಳಿದ್ದಾರೆ. ಉತ್ತರ ಗುಂಡಿನಲ್ಲೂ ಇಲ್ಲ, ಲೂರಿನಲ್ಲೂ ಇಲ್ಲ, ಹೊತ್ತಿನಲ್ಲಿದೆ.

ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತ ದೊಡ್ಡದು, ಇಳಿತವೂ ದೊಡ್ಡದು. ನಮ್ಮ ಕರಾವಳಿಯಲ್ಲಿ ಆಗ ನೀರಿನ ಏರಿಳಿತ ಹೆಚ್ಚು ಕಡಿಮೆ ಎರಡು ಮೀಟರ್ ಹತ್ತಿರ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಅದರ ಅರ್ಧವೂ ಇರುವುದಿಲ್ಲ. ಶಿರಸಿಯವರು ಅಮಾವಾಸ್ಯೆಯ ಮರುದಿನ ಹೋಗಿ ಸೆಳೆತ ಜೋರು ಎಂದರೆ ಏನು ಹೇಳಲಿ? ಕಲಿಯುವವರಿಗೆ ಷಷ್ಠಿಯಿಂದ ದಶಮಿಯವರೆಗಿನ ದಿನಗಳೇ ಸರಿ. ಸೆಳೆತ ಮೆತ್ತಗೆ, ನೀರು ತಿಳಿ, ನೀರು ಹರಿಯದೆ ನಿಲ್ಲುವ ನಿಲುನೀರಿನ ಹೊತ್ತೂ ಸ್ವಲ್ಪ ಹೆಚ್ಚು.

ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಒಂದೇ ಎತ್ತರ ಇರುವುದಿಲ್ಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇನ್ನೊಂದು, ಭರತ ಇಳಿತದ ಪಟ್ಟಿಯಲ್ಲಿ ಬರೆದ ಹೊತ್ತು ಅಳಿವೆಯದ್ದು. ಹೊಳೆಯ ಒಳಗೆ ಹೋದಷ್ಟೂ ತಡ. ಕಡವಾಡದ ಹತ್ತಿರ ನಿಂತು ನೀವೇ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನಾನು ಶರಾವತಿಯ ನಾಲ್ಕು ಜಾಗಗಳಿಗೆ ಹಾಗೆ ಬರೆದಿಟ್ಟ ಪುಸ್ತಕ ಈಗಲೂ ದೋಣಿಯ ಪೆಟ್ಟಿಗೆಯಲ್ಲಿದೆ.

ಚೋಣಕ್ಕಿಗೆ ಒಳ್ಳೆಯ ಹೊತ್ತು ಭರತ ನಿಂತು ಇಳಿತ ಶುರುವಾದ ಮೊದಲ ಒಂದೂವರೆ ಗಂಟೆ. ಕಾಂಡ್ಲಾದ ಒಳಗೆ ಹೊಕ್ಕಿದ್ದ ಸಣ್ಣ ಮೀನು, ಸಿಗಡಿ ಎಲ್ಲ ಕೊಡ್ಲಿನಿಂದ (ಹೊಳೆ ಸೇರುವ ಕಿರುಕಾಲುವೆಯಿಂದ) ಹೊರಬರುತ್ತವೆ. ದೊಡ್ಡದು ಕೊಡ್ಲಿನ ಬಾಯಲ್ಲಿ ಕಾಯುತ್ತಿರುತ್ತದೆ. ಎರೆಯನ್ನು ಅಲ್ಲಿಗೆ ಸೆಳೆತವೇ ಒಯ್ಯಬೇಕು, ನೀವು ಎಸೆಯಬಾರದು.

ಘಟ್ಟದ ಮೇಲಿನವ (ಶಿರಸಿ)

ಅಂಬಿಗರೇ, ಇದು ನನಗೆ ಯಾವ ವಿಡಿಯೊದಲ್ಲೂ ಸಿಗಲಿಲ್ಲ. ಹಾಗಾದರೆ ಗುಂಡು ಎಷ್ಟು ತೂಕದ್ದು?

ಹೊನ್ನಾವರದ ಅಂಬಿಗ

ತಳದಲ್ಲಿ ನಿಲ್ಲುವ ಗುಂಡುಗಳಲ್ಲಿ ಅತಿ ಹಗುರವಾದದ್ದು. ನಿಲುನೀರಿಗೆ ಹತ್ತು ಹದಿನೈದು ಗ್ರಾಂ, ಹರಿಯಲು ಶುರುವಾದಾಗ ಮೂವತ್ತು, ಜೋರಾದಾಗ ಐವತ್ತು ಅರವತ್ತು. ಅದಕ್ಕೂ ನಿಲ್ಲದಿದ್ದರೆ ದಾರ ಸುತ್ತಿಕೊಂಡು ಮನೆಗೆ ಹೋಗಿ. ಮಧ್ಯೆ ತೂತಿರುವ ಗುಂಡು ತೆಗೆದುಕೊಳ್ಳಿ. ದಾರ ಅದರೊಳಗೆ ಹಾದು ಹೋಗಲಿ, ಕೆಳಗೆ ಒಂದು ಮಣಿ, ತಿರುಗುಕೊಂಡಿ, ಆಮೇಲೆ ಲೀಡರ್, ಗಾಳ. ಮೀನು ಎರೆ ಕಚ್ಚಿ ಸರಿದಾಗ ಗುಂಡಿನ ಭಾರ ಅದಕ್ಕೆ ತಿಳಿಯಬಾರದು.

ಎರಡನೆಯ ಸಲ ನಿಮ್ಮ ಗಾಳಗಳು ಸಿಕ್ಕಿಕೊಂಡದ್ದಕ್ಕೂ ಭಾರವೇ ಕಾರಣ. ಭಾರದ ಗುಂಡು ಸಂದಿಗೆ ಇಳಿದು ಕೂರುತ್ತದೆ. ಹಗುರವಾದದ್ದು ಸೆಳೆತದ ಜೊತೆ ತಳದ ಮೇಲೆ ಹೆಜ್ಜೆ ಹಾಕುತ್ತ ಹೋಗುತ್ತದೆ.

ಗಂಗಾವಳಿ ತೀರ

ಸಿಕ್ಕಿಕೊಳ್ಳುವ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಗಂಗಾವಳಿಯಲ್ಲಿ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮಣ್ಣೆಲ್ಲ ಹೊಳೆಗೆ ಬಿತ್ತು. ಅದರ ಜೊತೆ ಹೊಳೆಗೆ ಬಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ನನಗೆ ಮೂವತ್ತು ವರ್ಷಗಳಿಂದ ಗೊತ್ತಿದ್ದ ಮಡು ಒಂದೇ ಬೆಳಿಗ್ಗೆ ಮುಚ್ಚಿಹೋಯಿತು. ಹೋದ ಜೀವಗಳ ಮುಂದೆ ಮೀನಿನ ಮಾತು ಸಣ್ಣದು. ಆದರೆ ಆಮೇಲೆ ಆ ಕಡೆ ದೋಣಿ ತೆಗೆದುಕೊಂಡು ಹೋದಾಗಲೆಲ್ಲ ಗಾಳ ಕೆಳಗಿಳಿಸಲು ಕೈ ಬರುವುದಿಲ್ಲ.

ಸದಾಶಿವಗಡ77

ನಮ್ಮಲ್ಲೂ ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಜೊತೆಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಆ ಸೇತುವೆಯ ಕಂಬಗಳ ಬುಡದಲ್ಲಿ ನಾವು ಹುಡುಗರಾಗಿದ್ದಾಗ ತಾಂಬುಸೊ (ಕೆಂಪು ಸ್ನ್ಯಾಪರ್) ಮೀನು ಹಿಡಿಯುತ್ತಿದ್ದೆವು. ಕೆಂಪಗೆ, ಬೆಂಕಿಯ ಹಾಗೆ ಮೇಲೆ ಬರುತ್ತಿದ್ದವು. ಶಿರಸಿಯವರೇ, ಆ ಜಾಗದ ಹತ್ತಿರ ಲಂಗರು ಹಾಕಬೇಡಿ. ಕಬ್ಬಿಣದ ಸರಳಿಗೆ ಲಂಗರು ಸಿಕ್ಕಿಕೊಂಡರೆ ಇಳಿತದಲ್ಲಿ ದೋಣಿಯ ಮೂತಿ ಮುಳುಗುತ್ತದೆ.

ಕೋಡಿಬಾಗದ ಕಾಳಿತೀರ

ಲಂಗರಿನ ಮಾತು ಬಂತು, ಇದನ್ನು ದಯವಿಟ್ಟು ಎಲ್ಲರೂ ಓದಿ. ಲಂಗರನ್ನು ದೋಣಿಯ ಮುಂಭಾಗದಿಂದ ಮಾತ್ರ ಬಿಡಿ. ಹಿಂಭಾಗದಿಂದ ಬಿಟ್ಟರೆ, ಇಂಜಿನ್ನಿನ ಭಾರವೂ ಅಲ್ಲೇ ಇರುವುದರಿಂದ, ಸೆಳೆತ ಒಂದು ಕ್ಷಣದಲ್ಲಿ ನೀರನ್ನು ಒಳಗೆ ಹಾಕುತ್ತದೆ. ಹಗ್ಗ ನೀರಿನ ಆಳದ ನಾಲ್ಕೈದು ಪಟ್ಟು ಬಿಡಿ. ಹಗ್ಗದ ಪಕ್ಕದಲ್ಲೇ ಹರಿತವಾದ ಕತ್ತಿ ಇರಲಿ. ಲಂಗರು ಹೋದರೆ ಇನ್ನೊಂದು ಕೊಳ್ಳಬಹುದು.

ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುತ್ತದೆ. ಅದೇ ಹೊತ್ತಿಗೆ ಇಳಿತವಿದ್ದರೆ ನೀರು ಪಡುವಣಕ್ಕೆ ಹರಿಯುತ್ತದೆ, ಗಾಳಿ ಎದುರಿನಿಂದ ಬರುತ್ತದೆ. ಅಳಿವೆಯ ಹತ್ತಿರ ಅಲೆಗಳು ಗಿಡ್ಡಗೆ, ಕಡಿದಾಗಿ ಏಳುತ್ತವೆ. ಹದಿನಾಲ್ಕು ಅಡಿಯ ದೋಣಿಗೆ ಅದು ಜಾಗವಲ್ಲ. ಸೇತುವೆಯಿಂದ ಪಡುವಣಕ್ಕೆ ಹೋಗಬೇಡಿ, ಮೂಡಣಕ್ಕೆ ಕಿನ್ನರ, ಸಿದ್ದರದ ಕಡೆ ಬೇಕಾದಷ್ಟು ನೀರಿದೆ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅಂದು ಸಂಜೆ ದಡದಲ್ಲಿ ನಿಂತವರಲ್ಲಿ ನಾನೂ ಒಬ್ಬ. ಜೀವರಕ್ಷಕ ಜಾಕೆಟ್ಟನ್ನು ಸೀಟಿನ ಕೆಳಗೆ ಇಡಬೇಡಿ, ಮೈಮೇಲೆ ಇರಲಿ. ಎಂಟು ಸಾವಿರದಲ್ಲಿ ಮೊದಲ ಖರ್ಚು ಅದೇ ಆಗಲಿ, ಇಬ್ಬರಿಗೂ.

ಬಳಚಿನ ಬುಟ್ಟಿ (ಕುಮಟಾ)

ಈ ಮಾತಿಗೆ ನನ್ನದೂ ಒಂದು ಕೈ.

ಲೂರ್ ಮಾತ್ರ

ನನ್ನದೂ. ಇದರಲ್ಲಿ ಜಗಳವಿಲ್ಲ.

ಮಲ್ಲಾಪುರ ನಿವಾಸಿ

ಕದ್ರಾ ಕಡೆಯಿಂದ ಒಂದು ಮಾತು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಡುವ ಮುನ್ಸೂಚನೆ ಬಂದರೆ ದೋಣಿ ಬಿಚ್ಚಲೇಬೇಡಿ. ಅಘನಾಶಿನಿಗೆ ಅಣೆಕಟ್ಟೆ ಇಲ್ಲ, ಮಳೆ ನೋಡಿ ನೀರು ಊಹಿಸಬಹುದು. ಕಾಳಿಯಲ್ಲಿ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ಇವೆ. ಆಕಾಶ ನೋಡಿದರೆ ಸಾಲದು, ಪ್ರಕಟಣೆಯನ್ನೂ ನೋಡಬೇಕು.

ಸಿಗಡಿಪ್ರಿಯ

ಮಳೆಗಾಲದಲ್ಲಿ ಹೇಗೂ ಎರಡು ತಿಂಗಳು ದೋಣಿಗೆ ನಿಷೇಧ ಅಲ್ಲವೇ?

ಮತ್ಸ್ಯ ವಿದ್ಯಾರ್ಥಿ

ಎಲ್ಲ ದೋಣಿಗಳಿಗೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರಿಕ ದೋಣಿಗಳಿಗೆ, 10 ಅಶ್ವಶಕ್ತಿಗಿಂತ ಹೆಚ್ಚಿನ ಇಂಜಿನ್ ಬಳಸುವವಕ್ಕೆ. ನಾಡದೋಣಿಗಳಿಗೆ ಅವಕಾಶವಿದೆ. ಆದರೆ ಆ ತಿಂಗಳುಗಳಲ್ಲಿ ಚೋಣಕ್ ಮೊಟ್ಟೆಯಿಡಲು ಅಳಿವೆಗೆ ಇಳಿಯುತ್ತದೆ. ಕಾನೂನು ಬಿಟ್ಟರೂ ನಾವು ಬಿಡುವುದು ಒಳ್ಳೆಯದು.

ಇನ್ನೊಂದು ವಿಷಯ ಕೇಳಿ. ಚೋಣಕ್ ಗಂಡಾಗಿ ಪಕ್ವವಾಗುತ್ತದೆ, ಕೆಲವು ವರ್ಷ ಗಂಡಾಗಿಯೇ ಬಾಳಿ, ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ಬಹಳ ದೊಡ್ಡ ಚೋಣಕ್ ಎಂದರೆ ಹೆಚ್ಚು ಕಡಿಮೆ ಹೆಣ್ಣೇ. ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಎಂಟು ಹತ್ತು ಕಿಲೋ ಮೀನು ಸಿಕ್ಕಿದರೆ ಫೋಟೊ ತೆಗೆದು ಹೊಳೆಗೆ ಬಿಡಿ ಎನ್ನುವುದು ನನ್ನ ಕೋರಿಕೆ.

ತದಡಿ ಹಿರಿಯ

ಗಂಡು ಹೆಣ್ಣಾಗುತ್ತದೆಯೇ? ಅರವತ್ತೆಂಟು ವರ್ಷದಿಂದ ಮೀನು ಸೀಳುತ್ತಿದ್ದೇನೆ, ಇದನ್ನು ಯಾರೂ ಹೇಳಿದ್ದಿಲ್ಲ.

ಮತ್ಸ್ಯ ವಿದ್ಯಾರ್ಥಿ

ಅಜ್ಜಾ, ನೀವು ಸೀಳಿದ ದೊಡ್ಡ ಚೋಣಕ್ಕುಗಳಲ್ಲಿ ಎಂದಾದರೂ ಗಂಡು ಕಂಡಿದ್ದೀರಾ? ತೀರಾ ದೊಡ್ಡವುಗಳಲ್ಲಿ?

ತದಡಿ ಹಿರಿಯ

ನೆನಪು ಮಾಡಿಕೊಂಡೆ. ದೊಡ್ಡವುಗಳ ಹೊಟ್ಟೆಯಲ್ಲಿ ಯಾವಾಗಲೂ ಮೊಟ್ಟೆಯ ಗೆಡ್ಡೆಯೇ ಇರುತ್ತಿತ್ತು. ಚಿಕ್ಕವುಗಳಲ್ಲಿ ಇರುತ್ತಿರಲಿಲ್ಲ. ಅದನ್ನು ಪ್ರಾಯ ಎಂದುಕೊಂಡಿದ್ದೆ. ಸರಿ, ನಿಮ್ಮ ಮಾತು ನಂಬುತ್ತೇನೆ. ಆದರೆ ಬಿಡಿ ಎಂದು ಹೇಳುವುದು ಸಂಬಳದವರಿಗೆ ಸುಲಭ. ಹತ್ತು ಕಿಲೋ ಚೋಣಕ್ ಎಂದರೆ ನಮ್ಮ ಮನೆಯಲ್ಲಿ ಒಂದು ತಿಂಗಳ ಅಕ್ಕಿ.

ಬಳಚಿನ ಬುಟ್ಟಿ (ಕುಮಟಾ)

ಹಿರಿಯರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಸಂತೋಷ. ಆದರೆ ಕೆಸರಿನಲ್ಲಿ ಸೊಂಟದವರೆಗೆ ನಿಂತು ಬಳಚು ಆರಿಸುವ ಹೆಂಗಸರ ಹೊಟ್ಟೆಯೂ ಅದೇ ಅಳಿವೆಯಲ್ಲಿದೆ. ಹವ್ಯಾಸಕ್ಕೆ ಬರುವವರು ದೊಡ್ಡ ಮೀನು ಬಿಡಲಿ, ಹೊಟ್ಟೆಪಾಡಿನವರನ್ನು ಯಾರೂ ಕೇಳಬಾರದು.

ಮತ್ಸ್ಯ ವಿದ್ಯಾರ್ಥಿ

ಒಪ್ಪಿದೆ ಅಕ್ಕಾ. ನನ್ನ ಕೋರಿಕೆ ಹವ್ಯಾಸಿಗಳಿಗೆ ಮಾತ್ರ ಎಂದು ತಿದ್ದಿಕೊಳ್ಳುತ್ತೇನೆ.

ಗಾಳಗುಂಡು

ಬಿಡುವವರು ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ್ದು) ಬಳಸಿ. ಜೀವಂತ ಸಿಗಡಿಗೆ 2/0, ಶೇವಟೆಗೆ 4/0. ಅದು ಮೀನಿನ ಬಾಯಿಯ ಮೂಲೆಯಲ್ಲೇ ಸಾಮಾನ್ಯವಾಗಿ ಸಿಗುತ್ತದೆ, ಹೊಟ್ಟೆಗೆ ಇಳಿಯುವುದು ಅಪರೂಪ. ಆದರೆ ಒಂದು ಅಭ್ಯಾಸ ಬಿಡಬೇಕು. ಕಚ್ಚಿದ ಕೂಡಲೇ ಕೋಲನ್ನು ಜಗ್ಗಬಾರದು. ಜಗ್ಗಿದರೆ ಗಾಳ ಬಾಯಿಂದ ಹೊರಗೇ ಬರುತ್ತದೆ. ಸುಮ್ಮನೆ ರೀಲು ತಿರುಗಿಸುತ್ತ ಹೋಗಿ, ಭಾರ ತಾನಾಗಿ ಕೂರುತ್ತದೆ.

ರೀಲಿನ ಬಿಗಿಯನ್ನು ಅಂದಾಜಿಗೆ ಬಿಡಬೇಡಿ. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. ದಾರದ ಶಕ್ತಿಯ ಕಾಲು ಭಾಗಕ್ಕೆ ಜಾರಲು ಶುರುವಾಗಬೇಕು. 20 ಪೌಂಡಿನ ದಾರಕ್ಕೆ ಎರಡೂಕಾಲು ಕಿಲೋ ಹತ್ತಿರ.

ಘಟ್ಟದ ಮೇಲಿನವ (ಶಿರಸಿ)

ಎಲ್ಲರಿಗೂ ಕೈಮುಗಿದೆ. ಪಟ್ಟಿ ಮಾಡಿಕೊಂಡಿದ್ದೇನೆ: ಎರಡು ಜಾಕೆಟ್, ಏಳಡಿಯ ಕೋಲು, 20 ಪೌಂಡಿನ ಹೆಣೆದ ದಾರ, 50 ಪೌಂಡಿನ ಲೀಡರ್, ಸರ್ಕಲ್ ಗಾಳ, ಮೂರು ತೂಕದ ಗುಂಡು, ಗಾಳಿಪಂಪು. ಬರುವ ಅಷ್ಟಮಿಗೆ ಇಳಿಯುತ್ತೇವೆ. ಹೆಣೆದ ದಾರಕ್ಕೂ ಲೀಡರಿಗೂ ಯಾವ ಗಂಟು?

ಸದಾಶಿವಗಡ77

ಎಫ್‌ಜಿ ಗಂಟು ಕೋಲಿನ ಉಂಗುರದಲ್ಲಿ ಸಲೀಸಾಗಿ ಹಾದುಹೋಗುತ್ತದೆ, ಆದರೆ ಅಲುಗಾಡುವ ದೋಣಿಯಲ್ಲಿ ಕಟ್ಟಲು ಕಷ್ಟ. ಮನೆಯಲ್ಲೇ ಕಟ್ಟಿಕೊಂಡು ಹೋಗಿ. ದೋಣಿಯಲ್ಲಿ ಹರಿದರೆ ಡಬಲ್ ಯೂನಿ ಗಂಟು ಹಾಕಿ. ಎರಡನ್ನೂ ಎಂಜಲು ಹಚ್ಚಿ ಒದ್ದೆ ಮಾಡಿಯೇ ಬಿಗಿಯಬೇಕು.

ಗಾಳಗುಂಡು

ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಉಪ್ಪು ಒಳಗೆ ಹೋಗುತ್ತದೆ.

ಘಟ್ಟದ ಮೇಲಿನವ (ಶಿರಸಿ)

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಅಷ್ಟಮಿಯಂದು ಇಳಿದೆವು. ಬೀಸುಬಲೆಯವರೊಬ್ಬರು ಹದಿನೆಂಟು ಸಿಗಡಿ ಕೊಟ್ಟರು, ಕೊನೆಯವರೆಗೂ ಹದಿನಾಲ್ಕು ಬದುಕಿದ್ದವು. ಭರತದ ಹೊತ್ತಿಗೆ ಮರಳಿನ ತಳದಲ್ಲಿ ಬಳಚಿನ ಮಾಂಸ ಕಟ್ಟಿ ಆ ಹಳೆಯ 6ನೇ ನಂಬರಿನ ಗಾಳದಲ್ಲೇ ಐದು ನೋಗ್ಲಿ ಹಿಡಿದೆವು. ಭಾವ ಕೈದಾರ ಹಿಡಿದಿದ್ದರು, ಬೆರಳಿಗೆ ಟ್ಯೂಬಿನ ತುಂಡು. ಐದರಲ್ಲಿ ನಾಲ್ಕು ಅವರದೇ.

ಇಳಿತ ತಿರುಗಿದ ಮೇಲೆ ಕೊಡ್ಲಿನ ಬಾಯಿಂದ ಇಪ್ಪತ್ತು ಮಾರು ಮೇಲೆ ಲಂಗರು ಹಾಕಿ, ಹದಿನೈದು ಗ್ರಾಂ ಗುಂಡಿನಲ್ಲಿ ಸಿಗಡಿಯನ್ನು ಸೆಳೆತಕ್ಕೆ ಬಿಟ್ಟೆ. ದಾರ ಬೆರಳ ಮೇಲೆ ಟಕ್, ಟಕ್ ಎಂದು ತಳ ಮುಟ್ಟುತ್ತ ಹೋಗುವುದು ತಿಳಿಯುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಅದು ಬಂತು. ಜಗ್ಗಲಿಲ್ಲ, ರೀಲು ತಿರುಗಿಸಿದೆ. ಎರಡು ಸಲ ನೀರಿನಿಂದ ಮೇಲೆ ಹಾರಿತು, ಕಿವಿರು ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಮೂರು ಕಿಲೋಗೆ ಸ್ವಲ್ಪ ಕಡಿಮೆ ಇದ್ದ ಚೋಣಕ್. ಮನೆಗೆ ತಂದೆವು. ಅಕ್ಕ ಅರ್ಧ ಸಾರು ಮಾಡಿ, ಅರ್ಧ ಹುರಿದರು.

ಲೀಡರನ್ನು ನೋಡಿದೆ. ಗಾಳದ ಮೇಲಿನ ಒಂದು ಗೇಣು ಅದೇ ಬಿಳುಪು, ಅದೇ ಒರಟು. ಆದರೆ ಹರಿದಿರಲಿಲ್ಲ. ನಾಳೆ ಮತ್ತೆ ಹೋಗುವುದಿದೆ, ಅದೇ ಲೀಡರ್ ನಡೆಯುತ್ತದೆಯೇ?

ಕೋಡಿಬಾಗದ ಕಾಳಿತೀರ

ನಡೆಯುವುದಿಲ್ಲ. ಆ ಒರಟು ಗೇಣನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಳ್ಳಿ, ಹೊಳೆಗೆ ಎಸೆಯಬೇಡಿ. ಉಳಿದದ್ದನ್ನು ಬೆರಳಲ್ಲಿ ಸವರಿ ನೋಡಿ, ನುಣುಪಿದ್ದರೆ ಹೊಸ ಗಂಟು ಹಾಕಿ. ನಾಳೆ ಹುಣ್ಣಿಮೆ ಹತ್ತಿರ ಬಂದಿದೆ, ಸೆಳೆತ ಜೋರಿರುತ್ತದೆ. ಅರವತ್ತರ ಗುಂಡು ಎರಡು ಹೆಚ್ಚು ಇಟ್ಟುಕೊಳ್ಳಿ. ನಾನು ಸುಂಕೇರಿಯ ಹತ್ತಿರ ಆರು ಗಂಟೆಗೆ ಇರುತ್ತೇನೆ, ನೀಲಿ ದೋಣಿ.